ಪಿಎಚ್‌ಡಿ ಮಾಡಿದರೆ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೇರ ಕೆಲಸವೇ? ಮೆಡಿಕಲ್ ಫಿಸಿಕ್ಸ್ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು

"ಎಂಎಸ್ಸಿ ಫಿಸಿಕ್ಸ್ ಆಗಿದೆಯೇ? ಮೆಡಿಕಲ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡಿ, ನೀಟ್ ಇಲ್ಲದೆ ಡಾಕ್ಟರ್ ಆಗಿ, ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೇರ ಕೆಲಸ!" ಇಂತಹ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದರ ಕೆಳಗೇ ಯಾರಾದರೂ, "ಬೇಡಪ್ಪ, ದಿನವಿಡೀ ರೇಡಿಯೇಷನ್‌ನಲ್ಲಿ ಇರಬೇಕು, ಹೆಣ್ಣುಮಕ್ಕಳಿಗೆ ಮುಂದೆ ಮಕ್ಕಳೇ ಆಗುವುದಿಲ್ಲ" ಎಂದು ಬರೆದಿರುತ್ತಾರೆ.

ಓದುಗರೊಬ್ಬರು ಈ ಎರಡನ್ನೂ ನಮಗೆ ಕಳುಹಿಸಿ, "ಮಗಳು ಎಂಎಸ್ಸಿ ಕೊನೆಯ ಸೆಮಿಸ್ಟರ್‌ನಲ್ಲಿದ್ದಾಳೆ. ಯಾವುದನ್ನು ನಂಬೋದು?" ಎಂದು ಕೇಳಿದ್ದಾರೆ. ಚಿಕ್ಕ ಉತ್ತರ ಇಷ್ಟೇ: ಎರಡನ್ನೂ ನಂಬಬೇಡಿ. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೆಡಿಕಲ್ ಫಿಸಿಸಿಸ್ಟ್ ಎಂದರೆ ಯಾರು?

ನಮ್ಮ ಊರುಗಳ ಕಡೆ ಕ್ಯಾನ್ಸರ್ ರೋಗಿಗಳಿಗೆ "ಕರೆಂಟ್ ಕೊಡಿಸೋದು" ಎನ್ನುತ್ತಾರಲ್ಲ, ಅದೇ ರೇಡಿಯೇಷನ್ ಚಿಕಿತ್ಸೆ. ಅಲ್ಲಿ ಹರಿಯುವುದು ಕರೆಂಟ್ ಅಲ್ಲ, ಹೆಚ್ಚು ಶಕ್ತಿಯ ವಿಕಿರಣ. ಈ ಚಿಕಿತ್ಸೆಯ ಹಿಂದೆ ಮುಖ್ಯವಾಗಿ ಮೂವರು ಇರುತ್ತಾರೆ. ದೇಹದ ಯಾವ ಭಾಗಕ್ಕೆ, ಎಷ್ಟು ಡೋಸ್, ಎಷ್ಟು ದಿನ ಎಂದು ನಿರ್ಧರಿಸುವವರು ರೇಡಿಯೇಷನ್ ಆಂಕಾಲಜಿಸ್ಟ್, ಅಂದರೆ ವೈದ್ಯರು. ರೋಗಿಯನ್ನು ಸರಿಯಾಗಿ ಮಲಗಿಸಿ ಯಂತ್ರ ನಡೆಸುವವರು ಟೆಕ್ನಾಲಜಿಸ್ಟ್. ವೈದ್ಯರು ಬರೆದ ಡೋಸ್ ಗೆಡ್ಡೆಗೆ ಸರಿಯಾಗಿ ಬೀಳುವಂತೆ, ಪಕ್ಕದ ಆರೋಗ್ಯವಂತ ಅಂಗಕ್ಕೆ ಆದಷ್ಟು ಕಡಿಮೆ ತಾಗುವಂತೆ ಲೆಕ್ಕ ಹಾಕುವವರು, ಯಂತ್ರ ಹೇಳಿದಷ್ಟೇ ವಿಕಿರಣ ಕೊಡುತ್ತಿದೆಯೇ ಎಂದು ಅಳೆದು ನೋಡುವವರು ಮೆಡಿಕಲ್ ಫಿಸಿಸಿಸ್ಟ್.

ಪಿಎಚ್‌ಡಿ ಮಾಡಿದ ಫಿಸಿಸಿಸ್ಟ್ ಹೆಸರಿನ ಮುಂದೆ "ಡಾ." ಇರುತ್ತದೆ, ನಿಜ. ಆದರೆ ಅವರು ಔಷಧಿ ಬರೆದುಕೊಡುವ ಡಾಕ್ಟರ್ ಅಲ್ಲ. "ನೀಟ್ ಇಲ್ಲದೆ ಡಾಕ್ಟರ್" ಎಂಬ ಮಾತು ಇಲ್ಲಿಯೇ ದಾರಿ ತಪ್ಪಿಸುತ್ತದೆ.

0.3 ನಿಮಿಷ ಎಂದರೆ ಎಷ್ಟು ಸೆಕೆಂಡ್?

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿಜ ಘಟನೆ ಇದೆ. 1996ರಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ರಾಜಧಾನಿ ಸ್ಯಾನ್ ಹೋಸೆಯ ಆಸ್ಪತ್ರೆಯೊಂದರಲ್ಲಿ ಕೋಬಾಲ್ಟ್ ಯಂತ್ರದ ಹಳೆಯ ವಿಕಿರಣ ಮೂಲವನ್ನು ತೆಗೆದು ಹೊಸದನ್ನು ಹಾಕಿದರು. ಹೊಸ ಮೂಲದ ಶಕ್ತಿ ಎಷ್ಟು ಎಂದು ಅಳೆಯುವಾಗ 0.3 ನಿಮಿಷವನ್ನು 30 ಸೆಕೆಂಡ್ ಎಂದು ಲೆಕ್ಕಕ್ಕೆ ತೆಗೆದುಕೊಂಡರು.

ನೀವೇ ಲೆಕ್ಕ ಹಾಕಿ. ಒಂದು ನಿಮಿಷಕ್ಕೆ 60 ಸೆಕೆಂಡ್ ಆದರೆ 0.3 ನಿಮಿಷಕ್ಕೆ 18 ಸೆಕೆಂಡ್. 18 ಸೆಕೆಂಡ್‌ನಲ್ಲಿ ಬಂದ ವಿಕಿರಣ 30 ಸೆಕೆಂಡ್‌ನಲ್ಲಿ ಬಂದಿದ್ದು ಎಂದುಕೊಂಡರೆ ಯಂತ್ರ ಇರುವುದಕ್ಕಿಂತ ದುರ್ಬಲ ಎನಿಸುತ್ತದೆ. ಹಾಗಾಗಿ ರೋಗಿಗಳನ್ನು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಯಂತ್ರದ ಕೆಳಗೆ ಮಲಗಿಸಿದರು. 115 ರೋಗಿಗಳಿಗೆ ಅರ್ಧಕ್ಕಿಂತ ಹೆಚ್ಚು ಪಾಲು ಅಧಿಕ ಡೋಸ್ ಬಿತ್ತು. ಹಲವರಿಗೆ ತೀವ್ರ ಹಾನಿಯಾಯಿತು, ಕೆಲವರು ಇದರಿಂದಲೇ ತೀರಿಕೊಂಡರು.

ಗಮನಿಸಿ, ಈ ಲೆಕ್ಕ ಹೈಸ್ಕೂಲ್ ಮಟ್ಟದ್ದು. ಇಂತಹ ತಪ್ಪನ್ನು ಹಿಡಿಯುವುದು ದೊಡ್ಡ ಪದವಿಯಲ್ಲ. ಅನುಭವಿಗಳ ಪಕ್ಕದಲ್ಲಿ ನಿಂತು ದಿನವೂ ಅಳೆದು, ಬರೆದು, ಇನ್ನೊಬ್ಬರಿಂದ ಮತ್ತೊಮ್ಮೆ ಪರೀಕ್ಷಿಸಿಕೊಳ್ಳುವ ಅಭ್ಯಾಸ ಅದನ್ನು ಹಿಡಿಯುತ್ತದೆ.

ಹಾಗಾದರೆ ಪಿಎಚ್‌ಡಿ ಸಾಲದೇ?

ಸಾಲದು. ಭಾರತದಲ್ಲಿ ಆಸ್ಪತ್ರೆಯ ಮೆಡಿಕಲ್ ಫಿಸಿಸಿಸ್ಟ್ ಆಗಲು ಯಾವ ಅರ್ಹತೆ ಬೇಕು ಎಂದು ಹೇಳುವುದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ. ಅದು ಎರಡು ದಾರಿಗಳನ್ನು ಇಟ್ಟಿದೆ.

ಮೊದಲನೆಯದು: ಎಂಎಸ್ಸಿ ಫಿಸಿಕ್ಸ್, ಅದರ ಮೇಲೆ ರೇಡಿಯಾಲಜಿಕಲ್ ಅಥವಾ ಮೆಡಿಕಲ್ ಫಿಸಿಕ್ಸ್‌ನಲ್ಲಿ ಡಿಪ್ಲೊಮಾ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ 1962ರಿಂದಲೂ ಒಂದು ವರ್ಷದ ಇಂತಹ ಡಿಪ್ಲೊಮಾ ನಡೆಸುತ್ತಿದೆ.

ಎರಡನೆಯದು: ಫಿಸಿಕ್ಸ್ ಮುಖ್ಯ ವಿಷಯವಾಗಿರುವ ಬಿಎಸ್ಸಿ, ನಂತರ ಮೆಡಿಕಲ್ ಅಥವಾ ರೇಡಿಯಾಲಜಿಕಲ್ ಫಿಸಿಕ್ಸ್‌ನಲ್ಲೇ ಎಂಎಸ್ಸಿ.

ಎರಡೂ ದಾರಿಯಲ್ಲಿ ರೇಡಿಯೇಷನ್ ಚಿಕಿತ್ಸಾ ವಿಭಾಗದಲ್ಲಿ ಕನಿಷ್ಠ 12 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ವಿಕಿರಣ ಸುರಕ್ಷತಾ ಅಧಿಕಾರಿ ಆಗಬೇಕಾದರೆ ಅದಕ್ಕೆ ಬೇರೆಯೇ ಪರೀಕ್ಷೆ, ಬೇರೆಯೇ ಅನುಮೋದನೆ ಇದೆ.

ಈ ಪಟ್ಟಿಯಲ್ಲಿ ಪಿಎಚ್‌ಡಿ ಎಂಬ ಪದ ಎಲ್ಲಿಯೂ ಇಲ್ಲ. ಪಿಎಚ್‌ಡಿ ಇಲ್ಲದವರೂ ಈ ಕೆಲಸ ಮಾಡಬಹುದು. ಬರೀ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಇದ್ದು ಡಿಪ್ಲೊಮಾ, ಇಂಟರ್ನ್‌ಶಿಪ್ ಇಲ್ಲದವರು ಮಾಡುವಂತಿಲ್ಲ. ಹೊಲಿಗೆ ಯಂತ್ರದ ಬಗ್ಗೆ ಸಂಶೋಧನೆ ಮಾಡಿದ ಮಾತ್ರಕ್ಕೆ ಒಬ್ಬರು ದರ್ಜಿ ಆಗುವುದಿಲ್ಲವಲ್ಲ, ಹಾಗೆ.

ಮತ್ತೆ ಪಿಎಚ್‌ಡಿ ಯಾಕೆ ಬೇಕು?

ಹೊಸದನ್ನು ಕಂಡುಹಿಡಿಯಲು. ಸಿಟಿ ಸ್ಕ್ಯಾನ್‌ನ ಡೋಸ್ ಕಡಿಮೆ ಮಾಡಿಯೂ ಚಿತ್ರ ಸ್ಪಷ್ಟವಾಗಿ ಬರುವುದು ಹೇಗೆ? ಉಸಿರಾಡುವಾಗ ಸರಿದಾಡುವ ಶ್ವಾಸಕೋಶದ ಗೆಡ್ಡೆಗೆ ಗುರಿ ಇಡುವುದು ಹೇಗೆ? ಪ್ರೋಟಾನ್ ಕಿರಣ ದೇಹದೊಳಗೆ ಎಲ್ಲಿ ನಿಲ್ಲುತ್ತದೆ ಎಂದು ಇನ್ನೂ ನಿಖರವಾಗಿ ಹೇಳಬಹುದೇ? ಇವೆಲ್ಲ ಪಿಎಚ್‌ಡಿಯ ಪ್ರಶ್ನೆಗಳು. ಪ್ರಾಧ್ಯಾಪಕರಾಗಲು, ಸಂಶೋಧನಾ ಸಂಸ್ಥೆಗಳಿಗೆ ಸೇರಲು ಈ ತರಬೇತಿ ನೆರವಾಗುತ್ತದೆ.

ಸಮಯದ ಲೆಕ್ಕವನ್ನೂ ಮರೆಯಬೇಡಿ. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ ಬೇಕು, ಸಾಮಾನ್ಯವಾಗಿ 6 ವರ್ಷದವರೆಗೆ ಅವಕಾಶ. ಅದೇ ನಿಯಮ ಪಾರ್ಟ್ ಟೈಮ್ ಪಿಎಚ್‌ಡಿಗೂ ಅವಕಾಶ ಕೊಟ್ಟಿದೆ. ಹಾಗಾಗಿ ಆಸ್ಪತ್ರೆಯ ಕೆಲಸವೂ ಬೇಕು, ಸಂಶೋಧನೆಯೂ ಬೇಕು ಎನ್ನುವವರು ಮೊದಲು ಎಇಆರ್‌ಬಿ ಹೇಳುವ ಅರ್ಹತೆ ಪಡೆದು, ಆಮೇಲೆ ಕೆಲಸದ ಜೊತೆಯಲ್ಲೇ ಪಿಎಚ್‌ಡಿಗೆ ಸೇರಬಹುದು. ಫಾರ್ವರ್ಡ್ ಈ ಕ್ರಮವನ್ನೇ ತಲೆಕೆಳಗು ಮಾಡಿದೆ.

ಅಮೆರಿಕಕ್ಕೆ ಹೋದರೆ?

ಅಲ್ಲಿಯೂ ಕತೆ ಇದೇ. ಅಲ್ಲಿನ ರೇಡಿಯಾಲಜಿ ಬೋರ್ಡ್‌ನ ಪ್ರಮಾಣಪತ್ರ ಬೇಕಾದರೆ 2014ರಿಂದ ಮಾನ್ಯತೆ ಪಡೆದ ರೆಸಿಡೆನ್ಸಿ ಮುಗಿಸಿರಬೇಕು. ಅದು ಸಾಮಾನ್ಯವಾಗಿ 2 ವರ್ಷದ್ದು. ಪರೀಕ್ಷೆ ಮೂರು ಹಂತದ್ದು. ಪಿಎಚ್‌ಡಿ ಇದ್ದರೂ ಆಸ್ಪತ್ರೆಯ ತರಬೇತಿ ತಪ್ಪುವುದಿಲ್ಲ.

ಮಕ್ಕಳಾಗುವುದಿಲ್ಲ ಎಂಬುದು ನಿಜವೇ?

ಸುಳ್ಳು. ಚಿಕಿತ್ಸೆ ನಡೆಯುವಾಗ ಲಿನಾಕ್ ಯಂತ್ರದ ಕೋಣೆಯಲ್ಲಿ ರೋಗಿಯನ್ನು ಬಿಟ್ಟು ಯಾರೂ ಇರುವುದಿಲ್ಲ. ದಪ್ಪ ಕಾಂಕ್ರೀಟ್ ಗೋಡೆಯ ಹೊರಗೆ ಕುಳಿತು ಯಂತ್ರ ನಡೆಸುತ್ತಾರೆ. ಸಿಬ್ಬಂದಿ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಧರಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷಿಸಿ ಯಾರಿಗೆ ಎಷ್ಟು ವಿಕಿರಣ ತಾಗಿದೆ ಎಂದು ದಾಖಲಿಸುತ್ತಾರೆ.

ಇವರಿಗೆ ಎಇಆರ್‌ಬಿ ಹಾಕಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಯಾವ ಒಂದು ವರ್ಷವೂ 30 ದಾಟುವಂತಿಲ್ಲ. ಹೆಣ್ಣುಮಕ್ಕಳಲ್ಲಿ ಶಾಶ್ವತ ಬಂಜೆತನ ಉಂಟಾಗಲು ಅಂಡಾಶಯಕ್ಕೆ ನೇರವಾಗಿ ಸುಮಾರು 3 ಗ್ರೇ, ಅಂದರೆ 3000 ಮಿಲಿಗ್ರೇ ವಿಕಿರಣ ಬೀಳಬೇಕು. ಈ ಕಿರಣಗಳ ಮಟ್ಟಿಗೆ ಮಿಲಿಗ್ರೇ ಮತ್ತು ಮಿಲಿಸೀವರ್ಟ್ ಹೆಚ್ಚುಕಡಿಮೆ ಒಂದೇ ಎಂದುಕೊಳ್ಳಬಹುದು. 20 ಎಲ್ಲಿ, 3000 ಎಲ್ಲಿ! ಗರ್ಭಿಣಿಯಾದವರು ತಿಳಿಸಿದ ಕೂಡಲೇ ಮಗುವಿಗೆ ಇನ್ನೂ ಬಿಗಿಯಾದ ಮಿತಿ ಅನ್ವಯವಾಗುತ್ತದೆ: ಉಳಿದ ಅವಧಿಗೆಲ್ಲ ಸೇರಿ 1 ಮಿಲಿಸೀವರ್ಟ್.

ಅಂದಹಾಗೆ, ಅಂತಾರಾಷ್ಟ್ರೀಯ ಮೆಡಿಕಲ್ ಫಿಸಿಕ್ಸ್ ದಿನ ನವೆಂಬರ್ 7. ಅದು ಮೇರಿ ಕ್ಯೂರಿ ಹುಟ್ಟಿದ ದಿನ. ಸುರಕ್ಷತಾ ನಿಯಮಗಳೇ ಇಲ್ಲದ ಕಾಲದಲ್ಲಿ ವಿಕಿರಣದೊಡನೆ ಕೆಲಸ ಮಾಡಿದ ಆಕೆಯ ಆರೋಗ್ಯ ಕೆಟ್ಟಿದ್ದು ನಿಜ. ಇಂದಿನ ಬ್ಯಾಡ್ಜ್, ಗೋಡೆ, ಮಿತಿಗಳೆಲ್ಲ ಬಂದಿದ್ದು ಆ ಪಾಠಗಳಿಂದಲೇ.

ಸೇರುವ ಮೊದಲು ಕೇಳಿ

1. ಈ ಕೋರ್ಸ್ ಎಇಆರ್‌ಬಿಯ ಅರ್ಹತಾ ನಿಯಮಕ್ಕೆ ಹೊಂದುತ್ತದೆಯೇ? ಕಾಲೇಜಿನ ಕರಪತ್ರ ಸಾಲದು, ಮಂಡಳಿಯ ಜಾಲತಾಣದಲ್ಲೇ ನೋಡಿ.
2. 12 ತಿಂಗಳ ಇಂಟರ್ನ್‌ಶಿಪ್ ಎಲ್ಲಿ? ಆ ಆಸ್ಪತ್ರೆಯಲ್ಲಿ ಯಾವ ಯಂತ್ರಗಳಿವೆ?
3. ಪಿಎಚ್‌ಡಿ ಆದರೆ, ಮಾರ್ಗದರ್ಶಕರ ಸಂಶೋಧನೆ ಯಾವುದು? ಫೆಲೋಶಿಪ್ ಇದೆಯೇ?
4. ಇದಕ್ಕೆ ಮೊದಲು ಮುಗಿಸಿದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ?

ಸ್ಪಷ್ಟ ಉತ್ತರ ಸಿಗದಿದ್ದರೆ ಫೀಸು ಕಟ್ಟಬೇಡಿ.

ನಮ್ಮ ತೀರ್ಮಾನ

ಫಾರ್ವರ್ಡ್ ದಾರಿ ತಪ್ಪಿಸುವಂತಿದೆ. ಮೆಡಿಕಲ್ ಫಿಸಿಕ್ಸ್ ಪಿಎಚ್‌ಡಿ ಒಳ್ಳೆಯ ಓದು, ಆದರೆ ಅದು ರೋಗಿಯ ಡೋಸ್ ಮುಟ್ಟಲು ಪರವಾನಗಿ ಅಲ್ಲ. ಬಂಜೆತನದ ಮಾತಂತೂ ಶುದ್ಧ ಸುಳ್ಳು. ಮಗಳ ಬಗ್ಗೆ ಕೇಳಿದ ಓದುಗರಿಗೆ ನಾವು ಹೇಳಿದ್ದೂ ಇದನ್ನೇ: ಧೈರ್ಯವಾಗಿ ಕಳುಹಿಸಿ, ಆದರೆ ಮೊದಲು ಡಿಪ್ಲೊಮಾ, ಇಂಟರ್ನ್‌ಶಿಪ್. ಪಿಎಚ್‌ಡಿ ಆಮೇಲೆ.

ಆ ಸಂದೇಶ ಬಂದ ಗುಂಪಿಗೆ ಇದನ್ನೂ ಕಳುಹಿಸಿ. ಯಾರದೋ ಮನೆಯ ಮಗುವಿನ ನಾಲ್ಕೈದು ವರ್ಷ ಉಳಿಯಬಹುದು.