ರೈಲುಗಾಡಿಯ ಶೌಚಗೃಹವೂ ಅದರ ತೊಟ್ಟಿಯೂ



ಸ್ಮರಣ ಸಂಚಿಕೆಯಲ್ಲಿ ಇಂಥ ವಿಷಯವನ್ನೆತ್ತುವುದು ಉಚಿತವೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಹೇಳಲು ನಾಚಿದ ಸಂಗತಿಯಿಂದಲೇ ನಮ್ಮ ಬಾಲಿಕೆಯರು ಕಷ್ಟಪಟ್ಟುದನ್ನು ಕಣ್ಣಾರೆ ಕಂಡೆವಾದ ಕಾರಣ ಬರೆಯುತ್ತೇವೆ.

ಕಳೆದ ಪ್ರವಾಸದಲ್ಲಿ, ನಮ್ಮ ಗೊರಗುಂಟೆಪಾಳ್ಯಕ್ಕೆ ಸಮೀಪವಾದ ಯಶವಂತಪುರದಲ್ಲಿ ರಾತ್ರಿಯ ಗಾಡಿಯನ್ನು ಹತ್ತಿ ಮಂಗಳೂರಿಗೆ ಹೊರಟೆವು. ನಡುರಾತ್ರಿಯಲ್ಲಿ ಒಂದು ಶೌಚಗೃಹವು ಕಟ್ಟಿಕೊಂಡು ನೀರು ಮೇಲಕ್ಕೆ ಉಕ್ಕಿತು. ಹುಡುಗಿಯರು ಬೆಳಗಿನವರೆಗೆ ನೀರು ಕುಡಿಯದೆ ಕುಳಿತರು. ಒಬ್ಬಳಿಗೆ ತಲೆಸುತ್ತು ಬಂದಿತು. ಬೆಳಿಗ್ಗೆ ಕೆಲಸದವನೊಬ್ಬನು ಕೊಕ್ಕೆಯಿಂದ ಎಳೆದು ತೆಗೆದುದು ನಮ್ಮ ಗುಂಪಿನವರೇ ಹಾಕಿದ್ದ ಬಟ್ಟೆಯ ಸುರುಳಿ. ದೂರು ಹೇಳಲು ಬಾಯಿ ತೆರೆದಿದ್ದ ನಾವು ತಲೆ ತಗ್ಗಿಸಿದೆವು. ತಪ್ಪು ಮಕ್ಕಳದಲ್ಲ, ಮೊದಲೇ ತಿಳಿಸದೆ ಇದ್ದ ನಮ್ಮದು.

ಪೂರ್ವದಲ್ಲಿ ಗಾಡಿಯ ಮಲಿನವೆಲ್ಲ ನೇರವಾಗಿ ಹಳಿಗಳ ಮೇಲೆ ಬೀಳುತ್ತಿತ್ತು. ಗಾಡಿ ನಿಲ್ದಾಣದಲ್ಲಿ ನಿಂತಿರುವಾಗ ಶೌಚಗೃಹವನ್ನು ಉಪಯೋಗಿಸಬಾರದೆಂಬ ಫಲಕವು ಹಿರಿಯರಿಗೆ ನೆನಪಿರಬಹುದು. ಅದರಿಂದ ಹಳಿಗಳು ತುಕ್ಕು ಹಿಡಿಯುತ್ತಿದ್ದುವು. ಅದಕ್ಕಿಂತ ಹೆಚ್ಚಾಗಿ, ಅದನ್ನು ಗುಡಿಸಿ ತೊಳೆಯುವ ಹೀನ ಕೆಲಸವು ಕೆಲವು ಮನುಷ್ಯರ ಪಾಲಿಗೆ ಬರುತ್ತಿತ್ತು. ಆದಕಾರಣ ರೈಲ್ವೆಯವರೂ ರಕ್ಷಣಾ ಸಂಶೋಧನಾ ಸಂಸ್ಥೆಯವರೂ ಕೂಡಿ ಜೈವಿಕ ಶೌಚಾಲಯವನ್ನು ರೂಪಿಸಿದರು. 2011ರಿಂದ ಗಾಡಿಗಳಲ್ಲಿ ಅದನ್ನು ಅಳವಡಿಸತೊಡಗಿ, 2019ರ ಅಂತ್ಯದ ಹೊತ್ತಿಗೆ ಬಹುಮಟ್ಟಿಗೆ ಎಲ್ಲ ಪ್ರಯಾಣಿಕರ ಡಬ್ಬಿಗಳಿಗೂ ಹರಡಿದರು.

ಅದರ ಕ್ರಮವೆಂತೆಂದರೆ: ಕುಳಿಯ ಕೆಳಗೆ ಬಾಗಿದ ಕೊಳವೆಯುಂಟು. ಅದರ ಬಾಗಿನಲ್ಲಿ ಸದಾ ನಿಲ್ಲುವ ನೀರು ದುರ್ಗಂಧವನ್ನು ಮೇಲೆ ಬರಗೊಡದು. ಅಲ್ಲಿಂದ ಮಲಿನವು ಡಬ್ಬಿಯ ತಳದಲ್ಲಿರುವ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಯೊಳಗಿನ ಅಡ್ಡಗೋಡೆಗಳು ಅದನ್ನು ತಡೆತಡೆದು ನಿಧಾನವಾಗಿ ಮುಂದಕ್ಕೆ ಬಿಡುತ್ತವೆ. ಅಷ್ಟರಲ್ಲಿ ಗಾಳಿಯಿಲ್ಲದೆಯೇ ಬದುಕುವ ಸೂಕ್ಷ್ಮಜೀವಿಗಳು ಅದನ್ನು ತಿಂದು ನೀರನ್ನೂ ಅನಿಲಗಳನ್ನೂ ಉಳಿಸುತ್ತವೆ. ಕೊನೆಯಲ್ಲಿ ಆ ನೀರು ಕ್ಲೋರಿನ್ನಿನಿಂದ ಶುದ್ಧಿಗೊಂಡು ಹೊರಕ್ಕೆ ಹೋಗುತ್ತದೆ. ಆದರೆ ಈ ಜೀವಿಗಳು ಪ್ಲಾಸ್ಟಿಕ್ಕನ್ನೂ ಬಾಟಲಿಯನ್ನೂ ಅರಗಿಸಲಾರವು. ಬಟ್ಟೆಯೂ ಹತ್ತಿಯ ಪಟ್ಟಿಗಳೂ ತೊಟ್ಟಿಯನ್ನು ಮುಟ್ಟುವ ಮೊದಲೇ ಬಾಗಿದ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ.

ಸಮುದ್ರದ ಅನೇಕ ಹಾಯಿದೋಣಿಗಳಲ್ಲಿಯೂ ಮಲಿನದ ತೊಟ್ಟಿಯುಂಟು. ಅಲ್ಲಿ ಕೈಪಂಪು ಸಮುದ್ರದ ನೀರನ್ನು ಸೆಳೆದು ಕುಳಿಯನ್ನು ತೊಳೆಯುತ್ತದೆ. ಕವಲು ತಿರುಪೊಂದು ಮಲಿನವನ್ನು ದಡದ ಸಮೀಪದಲ್ಲಿ ತೊಟ್ಟಿಗೂ ಆಳಸಮುದ್ರದಲ್ಲಿ ಹೊರಕ್ಕೂ ಕಳುಹಿಸುತ್ತದೆ. ಕೊಳವೆಯನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಕಮಾನಿನಂತೆ ಏರಿಸಿ, ಅದರ ತುದಿಯಲ್ಲಿ ಗಾಳಿಗೆ ದಾರಿಯಿಡುತ್ತಾರೆ. ಇದಿಲ್ಲವಾದರೆ ಸಮುದ್ರವೇ ಕೊಳವೆಯಲ್ಲಿ ಹಿಂದಿರುಗಿ ಬಂದು ದೋಣಿಯನ್ನು ತುಂಬಿ ಮುಳುಗಿಸಬಹುದು. ದೊಡ್ಡ ಹಡಗುಗಳಂತೂ ಸಂಸ್ಕರಿಸದ ಮಲಿನವನ್ನು ದಡದಿಂದ 12 ನಾವಿಕ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ದಾಟದೆ ಬಿಡಬಾರದೆಂದು ಅಂತರರಾಷ್ಟ್ರೀಯ ನಿಯಮವಿದೆ. ದೋಣಿಯ ನಾವಿಕರು ಹೊಸಬರಿಗೆ ಹೇಳುವ ಮೊದಲ ಪಾಠವೂ ನಮ್ಮದೇ: ಕುಳಿಗೆ ಬೇರೆ ಏನನ್ನೂ ಹಾಕಬೇಡಿರಿ.

ತಾಯಂದಿರೇ, ನಿಮ್ಮಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಮಗಳು ಪ್ರಯಾಣಕ್ಕೆ ಹೊರಡುವಾಗ ಬುತ್ತಿಯೊಡನೆ ಹಳೆಯ ಕಾಗದವನ್ನೂ ಒಂದು ಚೀಲವನ್ನೂ ಕಟ್ಟಿಕೊಡಿರಿ. ಬಳಸಿದುದನ್ನು ಸುತ್ತಿ ಕಸದ ಬುಟ್ಟಿಗೆ ಹಾಕಬೇಕೆಂದು ಸಂಕೋಚವಿಲ್ಲದೆ ಹೇಳಿರಿ. ನೀರು ಕುಡಿಯದೆ, ಮೂತ್ರವನ್ನು ತಡೆದು ಕುಳಿತರೆ ರೋಗ ಬರಬಹುದೆಂಬುದನ್ನೂ ತಿಳಿಸಿರಿ. ನೀವು ಮೌನವಾಗಿದ್ದರೆ ಆ ಮೌನದ ಬೆಲೆಯನ್ನು ನಿಮ್ಮ ಮಗಳೂ, ಕೊಕ್ಕೆ ಹಿಡಿದು ಬರುವ ಆ ಮನುಷ್ಯನೂ ತೆರಬೇಕಾಗುತ್ತದೆ.

ಮುಂದಿನ ಪ್ರವಾಸಕ್ಕೆ ಹೊರಡುವ ಮುನ್ನ ಈ ಪಾಠವನ್ನು ನಾವೇ ತರಗತಿಯಲ್ಲಿ, ಕರಿಹಲಗೆಯ ಮೇಲೆ ಚಿತ್ರ ಬರೆದು, ಹೇಳಿಕೊಡುವೆವು.