ಬಾಗಿದ ಬಿದಿರು, ಬಿಗಿದ ಬಟ್ಟೆ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿ ಚಕ್ಕಡಿಯ ರೂಪವೇ ಬದಲಾಗುತ್ತದೆ. ಗೊಬ್ಬರ, ಹತ್ತಿ, ಕಣಿಕೆ ಹೇರುತ್ತಿದ್ದ ಬಂಡಿಯನ್ನು ತೊಳೆಯುತ್ತಾರೆ, ಅಚ್ಚಿಗೆ ಎಣ್ಣೆ ಹಾಕುತ್ತಾರೆ, ಮೇಲೆ ಕೊಲ್ಲಾರಿ, ಅಂದರೆ ಕಮಾನಿನ ಮೇಲೆ ಹೊದಿಸಿದ ಬಿಚ್ಚುವ ಚಾವಣಿ, ಕಟ್ಟುತ್ತಾರೆ. ಒಳಗೆ ಹುಲ್ಲು, ಅದರ ಮೇಲೆ ಜಮಖಾನ. ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಮಕ್ಕಳು, ಮುದುಕರು ಎಲ್ಲ ಸೇರಿ ಸವದತ್ತಿಯ ಎಲ್ಲಮ್ಮನ ಗುಡ್ಡದ ದಾರಿ ಹಿಡಿಯುತ್ತಾರೆ. ಗುಡ್ಡ ಮುಟ್ಟಿ ಎತ್ತು ಬಿಚ್ಚಿದ ಮೇಲೆ ಅದೇ ಬಂಡಿ ಮನೆಯಾಗುತ್ತದೆ. ಪಕ್ಕದಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ದೇವಿಯ ನೈವೇದ್ಯಕ್ಕೆ ಪಡ್ಡಲಗಿ ತುಂಬಿಸುತ್ತಾರೆ.

ಊರಿಗೆ ಮರಳಿದ ಮೇಲೆ ಕೊಲ್ಲಾರಿ ಇಳಿಯುತ್ತದೆ, ಚಕ್ಕಡಿ ಮತ್ತೆ ಹೊಲಕ್ಕೆ ಹೋಗುತ್ತದೆ. ಬೇಕೆಂದಾಗ ಏರಿಸಿ ಬೇಡವಾದಾಗ ಇಳಿಸುವ ಇಂಥದೇ ಬಟ್ಟೆಯ ಚಾವಣಿ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲೂ ಇದೆ. ಲೋಕ ಅದನ್ನು ಕನ್ವರ್ಟಿಬಲ್ ಟಾಪ್ ಎನ್ನುತ್ತದೆ, ನಮ್ಮ ಗ್ಯಾರೇಜಿನವರು ಹುಡ್ ಎನ್ನುತ್ತಾರೆ. ಬಂಡಿಗೂ ಕಾರಿಗೂ ಬೆಲೆಯಲ್ಲಿ ಅಜಗಜಾಂತರವಿದ್ದರೂ ಚಾವಣಿ ಕೂರಿಸುವ ಕೈಕೆಲಸದ ಮೂಲಸೂತ್ರ ಒಂದೇ.

ಆ ಸೂತ್ರ ಸೆಳೆತದ್ದು. ಬಿದಿರಿನ ಸೀಳನ್ನು ಬಾಗಿಸಿ ಚಕ್ಕಡಿಯ ಎರಡೂ ಬದಿಗೆ ಕಟ್ಟಿದಾಗ ಅದು ಮತ್ತೆ ನೆಟ್ಟಗಾಗಲು ಹವಣಿಸುತ್ತದೆ. ಮೇಲೆ ಹೊದಿಸಿ ಕೆಳಕ್ಕೆ ಜಗ್ಗಿ ಕಟ್ಟಿದ ಬಟ್ಟೆ ಅದನ್ನು ತಡೆಯುತ್ತದೆ. ಈ ಎರಡು ಬಲಗಳು ಸರಿದೂಗಿದರೆ ನಡುವೆ ಕಂಬವಿಲ್ಲದೆ ಚಾವಣಿ ನಿಲ್ಲುತ್ತದೆ, ಮಳೆನೀರು ಜಾರಿ ಹೋಗುತ್ತದೆ, ಗಾಳಿಗೆ ಬಟ್ಟೆ ಬಡಿಯುವುದಿಲ್ಲ. ಬಟ್ಟೆ ಸಡಿಲಾದರೆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಗಾಳಿಗೆ ಪಟಪಟ ಬಡಿದು ಹೊಲಿಗೆಯ ಸಾಲಿನಲ್ಲೇ ಹರಿಯುತ್ತದೆ. ಅತಿಯಾಗಿ ಜಗ್ಗಿದರೆ ಕಮಾನು ಸೊಟ್ಟಗಾಗುತ್ತದೆ. ಎಷ್ಟು ಜಗ್ಗಬೇಕು ಎಂಬುದು ಕೈಗೆ ಗೊತ್ತಾಗಬೇಕು.

ಈ ಸೀಮೆಯಲ್ಲಿ ಸವಾರಿ ಬಂಡಿ ಇಷ್ಟು ಕಾಲ ಬಾಳಲು ನೆಲದ ಕಾರಣವೂ ಇದೆ. ಬ್ರಿಟಿಷರ ಕಾಲದಲ್ಲಿ ಬೆಳಗಾವಿ, ಧಾರವಾಡಗಳಿಗೆ ರೈಲು ಬಂತು. ಬೈಲಹೊಂಗಲ, ಸವದತ್ತಿ, ರಾಮದುರ್ಗಕ್ಕೆ ಬರಲಿಲ್ಲ. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ಹೋಗುವ ಹೊಸ ಮಾರ್ಗ ಮಂಜೂರಾದದ್ದು ತೀರ ಈಚೆಗೆ. ಎರಿ ಮಣ್ಣಿನ ದಾರಿಯಲ್ಲಿ ದೊಡ್ಡ ಗಾಲಿಯ ಚಕ್ಕಡಿಯನ್ನು ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಬೈಲಹೊಂಗಲದ ಪೇಟೆಗೆ ಹತ್ತಿ ಹೊತ್ತು ತಂದದ್ದೂ ಅದೇ, ಗೊಡಚಿಯ ವೀರಭದ್ರ ದೇವರ ಜಾತ್ರೆಗೆ ಹೆಂಗಸರು ಮಕ್ಕಳನ್ನು ಕರೆದೊಯ್ದದ್ದೂ ಅದೇ. ಒಂದೇ ಬಂಡಿ ಸರಕಿಗೂ ಸವಾರಿಗೂ ಒದಗಬೇಕೆಂದರೆ ಚಾವಣಿ ಬಿಚ್ಚುವಂತಿರಲೇಬೇಕು. ಬಡತನದ ನಾಡಿನ ಈ ಜಾಣತನವನ್ನು ಅಲಂಕಾರವೆಂದಷ್ಟೇ ನೋಡಿದರೆ ಅನ್ಯಾಯ.

ಬಿದಿರು ಪಶ್ಚಿಮದ ಮಲೆಸೀಮೆಯದು, ಸೀಳಿ ಹೆಣೆಯುವ ಕೈ ಮೇದಾರರದು. 1950ರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ನಿಂತ ಮೇಲೆ ಉತ್ತರ ಕನ್ನಡದ ಬಿದಿರುಮೆಳೆಗಳು ಅದರ ಪಾಲಾದವು. ಕಾರ್ಖಾನೆಗೆ ಟನ್ನಿಗೆ 1.50 ರೂಪಾಯಿಯಂತೆ ಬಿದಿರು ಸಿಕ್ಕಿದ್ದನ್ನೂ, ಬುಟ್ಟಿ ಹೆಣೆಯುವವರು ಅದೇ ಬಿದಿರಿಗೆ ಎಷ್ಟೋ ಪಟ್ಟು ಹೆಚ್ಚು ತೆರಬೇಕಾದದ್ದನ್ನೂ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಕೊಲ್ಲಾರಿಗೆ ಕಬ್ಬಿಣದ ಸಲಾಕೆ, ಆಮೇಲೆ ಪೈಪು ಬಂದದ್ದನ್ನು ಬರಿಯ ಹೊಸ ರೂಢಿ ಎಂದುಕೊಂಡರೆ ಈ ನೋವಿನ ಅಧ್ಯಾಯ ಮರೆತುಹೋಗುತ್ತದೆ.

ಹೊದಿಕೆಯೂ ಬದಲಾಯಿತು. ಚಾಪೆಯ ಮೇಲೆ ಕಂಬಳಿ ಹೊದಿಸುತ್ತಿದ್ದ ಕಡೆ ತಾಡಪತ್ರಿ ಬಂತು. ಒತ್ತಾಗಿ ನೇಯ್ದ ಹತ್ತಿಯ ಕ್ಯಾನ್ವಾಸಿಗೆ ಒಂದು ಗುಣವಿದೆ: ನೀರು ಬಿದ್ದಾಗ ನೂಲು ಉಬ್ಬಿ ನೇಯ್ಗೆಯ ಸಂದು ಮುಚ್ಚಿಕೊಳ್ಳುತ್ತದೆ. ಮೇಣದ ಲೇಪ ಕೊಟ್ಟರೆ ಇನ್ನೂ ಗಟ್ಟಿ. ಪ್ಲಾಸ್ಟಿಕ್ ಹಾಳೆಗೆ ಈ ಗುಣವಿಲ್ಲ. ಅದು ನೀರನ್ನು ತಡೆದರೂ ಒಳಗೆ ಕೂತವರನ್ನು ಬೇಯಿಸುತ್ತದೆ.

ಎರಡನೆಯ ಮಹಾಯುದ್ಧದ ವಿಲ್ಲೀಸ್ ಜೀಪು ಈ ಕಥೆಗೆ ಹೊಸ ತಿರುವು ಕೊಟ್ಟಿತು. 1947ರಲ್ಲಿ ಮಹೀಂದ್ರ ಕಂಪನಿ ಭಾರತದಲ್ಲೇ ಜೀಪು ಜೋಡಿಸತೊಡಗಿತು. ಕಬ್ಬಿಣದ ಕಮಾನು, ಅದರ ಮೇಲೆ ಕ್ಯಾನ್ವಾಸ್ ಹುಡ್: ಜೀಪಿನ ಚಾವಣಿ ನಮ್ಮವರಿಗೆ ಅಪರಿಚಿತವಾಗಿ ಕಂಡಿರಲಾರದು. ಬಿಸಿಲು, ಮಳೆ, ದೂಳಿಗೆ ಹುಡ್ ಹರಿಯುತ್ತಿತ್ತು. ಹೊಸದನ್ನು ಕಂಪನಿಯಿಂದ ತರಿಸುವ ಬದಲು ಪೇಟೆಯಲ್ಲೇ ಹೊಲಿಸುವುದು ಅಗ್ಗವಾಗಿತ್ತು. ತಾಲ್ಲೂಕು ಊರುಗಳಲ್ಲಿ ಹುಡ್ ಮತ್ತು ಕುಶನ್ ಕೆಲಸದ ಅಂಗಡಿಗಳು ಬೇರೂರಿದ್ದು ಹೀಗೆ. ಮುಂದೆ ಆಟೋ, ಟೆಂಪೊ, ಟ್ರ್ಯಾಕ್ಟರ್‌ಗಳೂ ಇದೇ ಬಾಗಿಲಿಗೆ ಬಂದವು.

ಹಳೆಯ ಸ್ಪೋರ್ಟ್ಸ್ ಕಾರು ಮಾತ್ರ ಇವೆಲ್ಲಕ್ಕಿಂತ ಸೂಕ್ಷ್ಮ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿಯನ್ನೇ ನೋಡಿ. ಅದಕ್ಕೆ ಹೊಸ ಹುಡ್ ಹಾಕುವವರು ಮೊದಲು ಮಾಡಬೇಕಾದದ್ದು ಹಳೆಯದನ್ನು ಕಿತ್ತೆಸೆಯದಿರುವುದು. ಹೊಲಿಗೆ ಬಿಚ್ಚಿದ ಹಳೆಯ ತುಂಡುಗಳೇ ಹೊಸದಕ್ಕೆ ಅಚ್ಚು. ಆಮೇಲೆ ಚೌಕಟ್ಟಿನ ಪರೀಕ್ಷೆ. ಕೀಲು ಸವೆದಿದ್ದರೆ, ಕಮಾನು ಕೊಂಚ ತಿರುಚಿದ್ದರೆ ಎಂಥ ಒಳ್ಳೆಯ ಬಟ್ಟೆಯೂ ಸರಿಯಾಗಿ ಕೂರದು. ಕಮಾನುಗಳ ನಡುವಿನ ಅಂತರ ಹಿಡಿದಿಡುವ ಪಟ್ಟಿಗಳನ್ನು ಹೊಸದಾಗಿ ಬಿಗಿಯಬೇಕು. ಬಹಳ ಜನ ಅವಸರದಲ್ಲಿ ದಾಟಿಬಿಡುವ ಹಂತವಿದು, ಚಾವಣಿಯ ಆಕಾರ ನಿರ್ಧಾರವಾಗುವುದು ಮಾತ್ರ ಇಲ್ಲೇ.

ಬಟ್ಟೆಯ ನಡುಗೆರೆಯನ್ನೂ ಕಾರಿನ ನಡುಗೆರೆಯನ್ನೂ ಸೀಮೆಸುಣ್ಣದಿಂದ ಗುರುತಿಸಿ, ಹಿಂಭಾಗ ಮೊದಲು ಬಿಗಿದು, ಮುಂದಕ್ಕೆ ಎಳೆಯುತ್ತಾರೆ. ವಿನೈಲ್ ಆದರೆ ಬಿಸಿಲಿನಲ್ಲಿ ಹರವಿಟ್ಟು ಮೆತ್ತಗಾದ ಮೇಲೆಯೇ ಕೆಲಸ. ತಣ್ಣಗಿದ್ದಾಗ ಜಗ್ಗಿ ಅಂಟಿಸಿದ್ದು ಬೇಸಿಗೆಯಲ್ಲಿ ಜೋತುಬೀಳುತ್ತದೆ. ಗಾಜಿನ ಮೇಲಿನ ಅಡ್ಡಪಟ್ಟಿಗೆ ಬಟ್ಟೆ ಅಂಟಿಸುವ ಹೊತ್ತಿಗೆ ಚೌಕಟ್ಟನ್ನು ಪೂರ್ತಿ ಮುಚ್ಚಿರಬಾರದು. ತುಸು ಎತ್ತಿ ಹಿಡಿದು ಗುರುತು ಹಾಕಿದರೆ, ಕೊಂಡಿ ಹಾಕಿದಾಗ ಉಳಿದ ಬಿಗಿ ತಾನಾಗಿ ಬರುತ್ತದೆ. ಟಿಚ್ ಬಟನ್‌ಗಳಿಗೆ ತೂತು ಕೊನೆಯಲ್ಲಿ, ಒಂದೊಂದಾಗಿ. ತಪ್ಪಿದ ತೂತನ್ನು ಮುಚ್ಚಲು ದಾರಿಯಿಲ್ಲ. ಕೆಲಸ ಮುಗಿದ ಮೇಲೂ ಕೆಲವು ದಿನ ಹುಡ್ ಮಡಚಬಾರದು, ಬಟ್ಟೆ ಚೌಕಟ್ಟಿಗೆ ಹೊಂದಿಕೊಳ್ಳಬೇಕು. ಒದ್ದೆಯಾಗಿದ್ದಾಗಲಂತೂ ಎಂದೂ ಮಡಚಬಾರದು.

ಇಷ್ಟೆಲ್ಲ ಬಿಗಿ ಏಕೆಂದರೆ, ಕಾರು ವೇಗ ಹಿಡಿದಾಗ ಚಾವಣಿಯ ಮೇಲೆ ಹರಿಯುವ ಗಾಳಿಯ ಒತ್ತಡ ತಗ್ಗಿ ಬಟ್ಟೆ ಮೇಲಕ್ಕೆ ಉಬ್ಬುತ್ತದೆ. ಎತ್ತಿನ ನಡಿಗೆಗೆ ಈ ಕಾಟವಿಲ್ಲ. ದುಬಾರಿ ಹುಡ್‌ಗಳ ಬಟ್ಟೆಯಲ್ಲಿ ಮೂರು ಪದರ: ಹೊರಗೆ ನೇಯ್ದ ಬಟ್ಟೆ, ನಡುವೆ ರಬ್ಬರು, ಒಳಗೆ ಹತ್ತಿ. ಕಂಬಳಿ, ಚಾಪೆ, ಜಮಖಾನದ ಒಳಗೆ ಕೂತು ಗುಡ್ಡಕ್ಕೆ ಹೋದವರಿಗೆ ಪದರಗಳ ಈ ಲೆಕ್ಕ ಹೊಸದೇನಲ್ಲ.

ಕರ್ನಾಟಕದಲ್ಲಿ ಹಳೆಯ ಕಾರುಗಳನ್ನು ಜತನದಿಂದ ಕಾಯ್ದವರಿದ್ದಾರೆ. ಧರ್ಮಸ್ಥಳದ ಕಾರು ಸಂಗ್ರಹಾಲಯ ನೋಡಿದವರಿಗೆ ಅದು ಗೊತ್ತು. ಬೆಂಗಳೂರಿನ ಸ್ಯಾನ್ ಮೋಟರ್ಸ್ ರೆನೊ ಎಂಜಿನ್ನಿನ, ಫೈಬರ್ ಮೈಯ, ಎರಡೇ ಆಸನದ ಸ್ಟಾರ್ಮ್ ಎಂಬ ಕನ್ವರ್ಟಿಬಲ್ ಕಾರನ್ನೂ ಮಾರುಕಟ್ಟೆಗೆ ತಂದಿತ್ತು. ಇಂಥ ಕಾರುಗಳ ಎಂಜಿನ್ ರಿಪೇರಿಗೆ ಸಿಗುವ ಮಾನ ಹುಡ್ ಹೊಲಿಯುವ ಕೈಗೆ ಸಿಗುವುದಿಲ್ಲ. ಅದು ಸಿಗಬೇಕು. ಅಚ್ಚು ತೆಗೆಯುವುದು, ಬಾಗಿದ ಮೈಗೆ ಬಟ್ಟೆ ಕತ್ತರಿಸುವುದು, ಬಿಗಿ ಅಳೆಯುವುದು ಐಟಿಐಗಳಲ್ಲಿ ಕಲಿಸಲು ಯೋಗ್ಯವಾದ ವಿದ್ಯೆ.

ಈಗ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳ ಜೊತೆಗೆ ಟ್ರ್ಯಾಕ್ಟರುಗಳೂ ಬರುತ್ತವೆ. ಟ್ರೇಲರ್ ಮೇಲೆ ಪೈಪಿನ ಕಮಾನು, ಅದರ ಮೇಲೆ ತಾಡಪತ್ರಿ, ಒಳಗೆ ಅದೇ ಹುಲ್ಲು, ಅದೇ ಹಾಸಿಗೆ. ಬನದ ಹುಣ್ಣಿಮೆ ಬರುವುದು ಕಬ್ಬು ಅರೆಯುವ ಹಂಗಾಮಿನ ನಡುವೆ. ಜಾತ್ರೆಯಿಂದ ಮರಳಿದ ಟ್ರೇಲರ್ ತಡಮಾಡದೆ ಸಕ್ಕರೆ ಕಾರ್ಖಾನೆಯ ಸಾಲಿನಲ್ಲಿ ನಿಲ್ಲಬೇಕು. ಅದಕ್ಕೇ ಕಮಾನುಗಳನ್ನು ಬೆಸುಗೆ ಹಾಕಿಸದೆ, ಬದಿಯ ಬಳೆಗಳಲ್ಲಿ ಸಿಕ್ಕಿಸಿ ಹಗ್ಗದಿಂದ ಬಿಗಿಯುತ್ತಾರೆ.