ಅಲೆಯ ಹಲಗೆಗೊಂದು ತೇಪೆ

36 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ನೋಟು ಎಣಿಸಿದವನು ನಾನು. ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಕಡಿಮೆ ಬಂದರೂ ಅದೇ ಸಂಜೆ ಹೇಳಿಬಿಡಬೇಕು, ಮುಚ್ಚಿಡಬಾರದು ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಎಪ್ಪತ್ತು ದಾಟಿದ ಮೇಲೆ ಆ ಪಾಠವನ್ನು ನಾನೇ ಮರೆತೆ. ನೆನಪಿಸಿದ್ದು ಒಂದು ಸರ್ಫಿಂಗ್ ಹಲಗೆ.

ನಮ್ಮ ಮನೆ ಮುಲ್ಕಿಯ ಹತ್ತಿರ. ಶಾಂಭವಿ, ನಂದಿನಿ ನದಿಗಳು ಸಮುದ್ರ ಸೇರುವ ಸಸಿಹಿತ್ಲು ಕಡಲತೀರ ಇಲ್ಲೇ ಪಕ್ಕದಲ್ಲಿದೆ. ಅಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆಗಳೂ ನಡೆದಿವೆ. ಒಂಬತ್ತನೇ ಕ್ಲಾಸಿನ ನನ್ನ ಮೊಮ್ಮಗನಿಗೆ ಇದರ ಹುಚ್ಚು. ಎರಡು ವರ್ಷ ಹಬ್ಬದ ದುಡ್ಡು, ಹುಟ್ಟುಹಬ್ಬದ ದುಡ್ಡು ಕೂಡಿಟ್ಟು ಒಂದು ಹಳೆಯ ಹಲಗೆ ಕೊಂಡ. ಅಜ್ಜಿ ಮೊದಲ ದಿನ ಅದನ್ನು ನೋಡಿ, “ಇಸ್ತ್ರಿ ಹಾಕಲಿಕ್ಕೆ ಇಷ್ಟು ದೊಡ್ಡದು ಯಾಕೆ?” ಎಂದು ಕೇಳಿದ್ದಳು.

ಮಕ್ಕಳೇ, ಹವಾಯಿ ದ್ವೀಪಗಳ ಹಿರಿಯರು ಈ ಹಲಗೆಯನ್ನು ಗಟ್ಟಿ ಮರದಿಂದ ಕಡೆಯುತ್ತಿದ್ದರು. 1912ರ ಒಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹಾನಮೋಕು ಈ ಆಟವನ್ನು ಹೊರದೇಶಗಳಿಗೆ ಪರಿಚಯಿಸಿದರು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸರ್ಫಿಂಗ್ ಮೊದಲ ಬಾರಿ ಪದಕದ ಆಟವಾಯಿತು. ಈಗಿನ ಹಲಗೆಗಳ ಒಳಗೆ ಹೆಚ್ಚಾಗಿ ಇರುವುದು ಹಗುರವಾದ ಫೋಮ್. ಅದರ ಮೇಲೆ ಗಾಜಿನ ನೂಲಿನ ಬಟ್ಟೆ, ಅಂದರೆ ಫೈಬರ್ ಗ್ಲಾಸ್ ಹೊದಿಸಿ, ರೆಸಿನ್ ಎಂಬ ಅಂಟನ್ನು ಸವರಿ ಗಟ್ಟಿಮಾಡಿರುತ್ತಾರೆ. ಆ ಚಿಪ್ಪು ಮೊಟ್ಟೆಯ ಚಿಪ್ಪಿನ ಹಾಗೆ. ಎಲ್ಲಾದರೂ ತಾಗಿದರೆ ಬಿರುಕು ಬಿಡುತ್ತದೆ. ಇಂಥ ಗಾಯಕ್ಕೆ ಹುಡುಗರು ‘ಡಿಂಗ್’ ಎನ್ನುತ್ತಾರೆ.

ಡಿಸೆಂಬರಿನ ಒಂದು ಬೆಳಿಗ್ಗೆ, ಮೊಮ್ಮಗ ಶಾಲೆಗೆ ಹೋಗಿದ್ದಾಗ, ಹಲಗೆಯ ಉಪ್ಪು ತೊಳೆದಿಡೋಣ ಎಂದು ಅಂಗಳಕ್ಕೆ ತಂದೆ. ಒದ್ದೆ ಕೈ. ಜಾರಿ, ಅದರ ಅಂಚು ಜಗಲಿಯ ಕಲ್ಲಿನ ಮೆಟ್ಟಿಲಿಗೆ ಬಡಿಯಿತು. ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲೆಳೆಯ ಬಿರುಕು. ಇಷ್ಟು ಚಿಕ್ಕದಕ್ಕೆ ಏನಾಗುತ್ತದೆ ಎಂದುಕೊಂಡೆ. ಬೈರಾಸಿನಿಂದ ಒರೆಸಿ, ಬಿರುಕಿನ ಬದಿಯನ್ನು ಗೋಡೆಗೆ ತಿರುಗಿಸಿ ಇಟ್ಟೆ. ಯಾರಿಗೂ ಹೇಳಲಿಲ್ಲ.

ಮೂರು ವಾರ ಹುಡುಗ ಅದೇ ಹಲಗೆಯಲ್ಲಿ ಸಮುದ್ರಕ್ಕೆ ಇಳಿದ. ಜನವರಿಯಲ್ಲಿ ಒಂದು ದಿನ, “ಅಜ್ಜ, ಹಲಗೆ ಯಾಕೋ ಭಾರ ಆಗಿದೆ” ಎಂದ. ಮಲಗಿಸಿದಾಗ ಬಿರುಕಿನಿಂದ ತೊಟ್ಟು ತೊಟ್ಟಾಗಿ ನೀರು ಬಂತು. ಫೋಮ್ ಸಮುದ್ರ ಕುಡಿದಿತ್ತು. ಹುಡುಗನ ಮುಖ ಸಣ್ಣದಾಯಿತು. ನಡುವೆ ಒಂದು ಭಾನುವಾರ ಅವನ ಗೆಳೆಯ ಆ ಹಲಗೆಯನ್ನು ಕೇಳಿ ಒಯ್ದಿದ್ದ. “ಅವನೇ ಬೀಳಿಸಿದ್ದು, ಹೇಳಲೂ ಇಲ್ಲ” ಎಂದು ಅವನೊಡನೆ ಮಾತು ಬಿಟ್ಟ. ಒಂದನೇ ಕ್ಲಾಸಿನಿಂದ ಒಂದೇ ಬೆಂಚಿನಲ್ಲಿ ಕೂತವರು ಅವರು.

ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರನೇ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೇಳಿದೆ, “ಮಗಾ, ಅದನ್ನು ಬೀಳಿಸಿದ್ದು ನಾನು.” ಅವನು ಬಹಳ ಹೊತ್ತು ನನ್ನನ್ನೇ ನೋಡಿದ. “ಅವತ್ತೇ ಹೇಳಬಹುದಿತ್ತಲ್ಲ ಅಜ್ಜ. ಟೇಪ್ ಹಾಕಿ ನಿಲ್ಲಿಸಿಬಿಡುತ್ತಿದ್ದೆ” ಎಂದ. ಬೈದಿದ್ದರೇ ಹಗುರವಾಗುತ್ತಿತ್ತು. ಆ ಸಂಜೆ ಇಬ್ಬರೂ ಗೆಳೆಯನ ಮನೆಗೆ ಹೋದೆವು. ಅಲ್ಲಿ ಮತ್ತೊಮ್ಮೆ, ಆ ಹುಡುಗನ ಎದುರಿಗೇ, ತಪ್ಪು ಒಪ್ಪಿಕೊಂಡೆ.

ಅವನ ಸೋದರಮಾವ ಮೀನುಗಾರಿಕೆಯ ಫೈಬರ್ ದೋಣಿಗಳನ್ನು ದುರಸ್ತಿ ಮಾಡುವವರು. “ಅದಕ್ಕೇನು ರಾಯರೇ, ಮನೆಯಲ್ಲೇ ಮಾಡಬಹುದು” ಎಂದು ನಕ್ಕರು. ಮೊದಲು ಒಂದು ಎಚ್ಚರಿಕೆ ಕೊಟ್ಟರು. ದೋಣಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ ಅನ್ನು ಥರ್ಮೋಕೋಲ್ ಚೂರಿನ ಮೇಲೆ ಒಂದು ತೊಟ್ಟು ಬಿಟ್ಟು ತೋರಿಸಿದರು. ಥರ್ಮೋಕೋಲ್ ಕರಗಿ ಗುಂಡಿ ಬಿತ್ತು. ನಮ್ಮ ಹಲಗೆಯ ಒಳಗಿದ್ದದ್ದು ಥರ್ಮೋಕೋಲ್ ಜಾತಿಯದೇ ಫೋಮ್. ಅದಕ್ಕೆ ಎಪಾಕ್ಸಿ ರೆಸಿನ್ನೇ ಆಗಬೇಕು. ಹಲಗೆ ಯಾವ ಜಾತಿಯದು ಎಂದು ಗೊತ್ತಾಗದಿದ್ದರೂ ಎಪಾಕ್ಸಿ ಹಾಕಿದರೆ ಮೋಸವಿಲ್ಲ. ಅದು ಎರಡು ಬಗೆಗೂ ಹಿಡಿಯುತ್ತದೆ.

ಮೊದಲ ಕೆಲಸ ಒಣಗಿಸುವುದು. ಸಿಹಿನೀರಿನಿಂದ ತೊಳೆದು, ಬಿರುಕು ಕೆಳಗೆ ಬರುವಂತೆ ನೆರಳಿನಲ್ಲಿ ಇಟ್ಟೆವು. ಸುಡುವ ಬಿಸಿಲಲ್ಲಾಗಲಿ, ಬಾಗಿಲು ಮುಚ್ಚಿದ ಕಾರಿನಲ್ಲಾಗಲಿ ಹಲಗೆಯನ್ನು ಇಡಬಾರದು. ಒಳಗಿನ ಗಾಳಿ ಹಿಗ್ಗಿ ಚಿಪ್ಪು ಬಿಟ್ಟುಕೊಳ್ಳುತ್ತದೆ. ಒಣಗಿದೆ ಎಂದು ತಿಳಿಯುವುದು ಹೇಗೆ? ಅದಕ್ಕೆ ನನ್ನ ಲೆಕ್ಕ ಉಪಯೋಗಕ್ಕೆ ಬಂತು. ತೂಕದ ಯಂತ್ರದ ಮೇಲೆ ಮೊಮ್ಮಗ ಹಲಗೆ ಹಿಡಿದು ಒಮ್ಮೆ, ಹಿಡಿಯದೆ ಒಮ್ಮೆ ನಿಂತ. ಕಳೆದರೆ ಹಲಗೆಯ ತೂಕ. ಮೊದಲ ದಿನ 4.7 ಕಿಲೋ. ಹದಿನಾರನೇ ದಿನ 4.2. ಆಮೇಲೆ ಮೂರು ದಿನ ಅಂಕಿ ಕದಲಲಿಲ್ಲ. ಅರ್ಧ ಕಿಲೋ ಅರಬ್ಬೀ ಸಮುದ್ರ ನಮ್ಮ ಜಗಲಿಯಲ್ಲಿ ಆರಿಹೋಗಿತ್ತು!

ಮುಂದಿನದು ಗಾಳಿಯಾಡುವ ಜಗಲಿಯಲ್ಲೇ ಮಾಡುವ ಕೆಲಸ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇ ಬೇಕು. ಗಾಜಿನ ನೂಲಿನ ಪುಡಿ ಮೈಗೆ ತುರಿಕೆ, ಶ್ವಾಸಕೋಶಕ್ಕೆ ಕೆಡುಕು. ಮಕ್ಕಳೇ, ರೆಸಿನ್ ಮುಟ್ಟುವುದು ದೊಡ್ಡವರ ಕೆಲಸ. ನಿಮ್ಮ ಪಾಲಿಗೆ ಅಳತೆ, ಗಡಿಯಾರ, ಪುಸ್ತಕದಲ್ಲಿ ಬರೆಯುವುದು ಸಾಕಷ್ಟಿದೆ.

ಗಾಯದ ಸುತ್ತಲಿನ ಮೇಣ ಕೆರೆದು ತೆಗೆದೆವು. ಸಡಿಲವಾದ ಚಿಪ್ಪನ್ನು ಬ್ಲೇಡಿನಿಂದ ಕತ್ತರಿಸಿ, ಸುತ್ತಲೂ 80 ನಂಬರಿನ ಸ್ಯಾಂಡ್ ಪೇಪರಿನಿಂದ ಉಜ್ಜಿ ಒರಟು ಮಾಡಿದೆವು. ನುಣುಪಿದ್ದರೆ ಅಂಟು ಹಿಡಿಯುವುದಿಲ್ಲ. ನಮ್ಮ ಡಬ್ಬಿಯ ಮೇಲೆ ಎರಡು ಪಾಲು ರೆಸಿನ್‌ಗೆ ಒಂದು ಪಾಲು ಹಾರ್ಡನರ್ ಎಂದಿತ್ತು. ಔಷಧಿಯ ಅಳತೆ ಕಪ್ಪಿನಲ್ಲಿ ಅಷ್ಟೇ ಅಳೆದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕಿದರೆ ಎಪಾಕ್ಸಿ ಮೆತ್ತಗೇ ಉಳಿದುಬಿಡುತ್ತದೆ. ಸಣ್ಣ ಗಾಜಿನ ಗುಳ್ಳೆಗಳ ಹಗುರ ಪುಡಿಯನ್ನು ಅದಕ್ಕೆ ಬೆರೆಸಿ, ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಗುಂಡಿಗೆ ತುಂಬಿದೆವು. ಕಪ್ಪಿನಲ್ಲಿ ಉಳಿದದ್ದು ಸ್ವಲ್ಪ ಹೊತ್ತಿಗೆ ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಯಿತು. ಹುಡುಗರಿಬ್ಬರೂ ಬೆರಗಾದರು. ಎರಡು ದ್ರವಗಳ ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ಶಾಖ ಅದು. ಆದ್ದರಿಂದಲೇ ಒಮ್ಮೆಗೆ ಸ್ವಲ್ಪವೇ ಕಲಸಬೇಕು.

ಮರುದಿನ ಅದನ್ನು ಉಜ್ಜಿ ಸಮ ಮಾಡಿ, ಗಾಯಕ್ಕಿಂತ ಒಂದು ಅಂಗುಲ ದೊಡ್ಡದಾಗಿ ಗಾಜಿನ ಬಟ್ಟೆ ಕತ್ತರಿಸಿ, ಎಪಾಕ್ಸಿಯಲ್ಲಿ ನೆನೆಸಿ, ಗಾಳಿಗುಳ್ಳೆ ಉಳಿಯದಂತೆ ಒತ್ತಿ ಅಂಟಿಸಿದೆವು. ಇನ್ನೊಂದು ದಿನ ಬಿಟ್ಟು ಅದರ ಅಂಚುಗಳನ್ನು ಉಜ್ಜಿದೆವು. ಇನ್ನು ಉಳಿದದ್ದು ಬಟ್ಟೆಯ ನೇಯ್ಗೆ ಮುಚ್ಚುವ ಕೊನೆಯ ಲೇಪ.

ಅದಕ್ಕೆ ಮುಂಚೆ ಮೊಮ್ಮಗ ಪೆನ್ಸಿಲ್ ತಂದುಕೊಟ್ಟ. ಲೆಡ್ಜರಿನಲ್ಲಿ ತಪ್ಪಾದರೆ ಅಳಿಸಬಾರದು, ಗೀಟು ಹಾಕಿ ತಿದ್ದಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು ಎಂದು ನಾನೇ ಅವನಿಗೆ ಎಂದೋ ಹೇಳಿದ್ದೆ. “ಇಲ್ಲೂ ಹಾಕಿ ಅಜ್ಜ” ಎಂದ. ತೇಪೆಯ ಮೇಲೆ ತಾರೀಕು ಬರೆದು ಸಹಿ ಹಾಕಿದೆ. ಹುಡುಗರಿಬ್ಬರೂ ಸಾಕ್ಷಿ ಹಾಕಿದರು. ಮೇಲೆ ಲೇಪ ಕೊಟ್ಟು, ಒಣಗಿದ ಮೇಲೆ 120, 220, ಕೊನೆಗೆ ನೀರು ಹಾಕಿ 400 ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿ ನುಣುಪು ಮಾಡಿದೆವು.

ಒಂದು ವಾರ ಬಿಟ್ಟು ಹಲಗೆ ನೀರಿಗಿಳಿಯಿತು. ನಾನು ದಂಡೆಯಲ್ಲಿ ಛತ್ರಿ ಹಿಡಿದು ಕೂತಿದ್ದೆ. ಮೊದಲ ಅಲೆಯನ್ನು ಗೆಳೆಯನಿಗೇ ಬಿಟ್ಟುಕೊಟ್ಟ ನನ್ನ ಮೊಮ್ಮಗ. ಮನೆಗೆ ಬಂದು ತೂಗಿದೆವು. 4.2 ಕಿಲೋ, ತೇಪೆಯ ಭಾರ ಅಂಕಿಗೂ ಸಿಗಲಿಲ್ಲ. ಲೆಕ್ಕ ಸರಿಹೋಯಿತು. ಹಲಗೆ ತೊಳೆಯುವ ಕೆಲಸ ಮಾತ್ರ ಈಗ ನನಗೆ ಯಾರೂ ಕೊಡುವುದಿಲ್ಲ.